ತಟ್ಟಿ ನೋಡಿದರೆ ಗೊತ್ತಾಗುವ ಕಪ್ಪುಕುಳಿ

2016ರ ಫೆಬ್ರುವರಿ 11ರಂದು ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧವನ್ನು ತೆರೆದರೆ ಲೇಖಕರ ಹೆಸರುಗಳೇ ಪುಟಗಟ್ಟಲೆ ಇವೆ, ಸಾವಿರಕ್ಕೂ ಹೆಚ್ಚು ಮಂದಿ. ಗುರುತ್ವ ಅಲೆ ಕೈಗೆ ಸಿಕ್ಕಿತು ಎಂದು ಲೈಗೊ ತಂಡ ಜಗತ್ತಿಗೆ ಸಾರಿದ ಪ್ರಬಂಧ ಅದು. ಪೀಠಿಕೆಯಲ್ಲೇ ಒಂದು ವಾಕ್ಯವಿದೆ. ಕಪ್ಪುಕುಳಿಗಳ ‘ಕ್ವಾಸಿನಾರ್ಮಲ್ ಮೋಡ್’ ಎಂಬ ಕಂಪನಗಳು 1970ರ ದಶಕದಿಂದ ಹೇಗೆ ಅರ್ಥವಾಗುತ್ತ ಬಂದವು ಎಂದು ಅದು ನೆನೆಯುತ್ತದೆ. ವಾಕ್ಯದ ಜೊತೆಗೆ ಮೂರು ಉಲ್ಲೇಖ. ಅವುಗಳಲ್ಲಿ ಒಂದು: ಸಿ.ವಿ. ವಿಶ್ವೇಶ್ವರ, ‘ನೇಚರ್’, ಸಂಪುಟ 227, ಪುಟ 936, 1970. ಮೂರು ಪುಟದೊಳಗೆ ಮುಗಿದುಹೋಗುವ ಬರಹ.

ಆಗ ವಿಶ್ವೇಶ್ವರರಿಗೆ 78 ತುಂಬಲು ಇನ್ನೂ ಮೂರು ವಾರಕ್ಕಿಂತ ತುಸು ಹೆಚ್ಚು ಬಾಕಿ ಇತ್ತು. ಮುಂದಿನ ಕೆಲವು ದಿನ ಅವರ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ನಮ್ಮವರೊಬ್ಬರು ಎಂಬ ಅಭಿಮಾನದ ಭರದಲ್ಲಿ ಅವರು ನಿಜಕ್ಕೂ ಮಾಡಿದ್ದೇನು ಎಂಬುದು ಮಾತ್ರ ಕೊಂಚ ಮಸುಕಾಯಿತು. ಗುರುತ್ವ ಅಲೆ, ಅಂದರೆ ದೇಶಕಾಲದಲ್ಲೇ ಹರಡುವ ನಡುಕ, ಇರಬೇಕೆಂದು ಹೇಳಿದವರು ಐನ್‌ಸ್ಟೈನ್, ಅದೂ 1916ರಲ್ಲಿ. ಹಿಡಿಯುವ ಯಂತ್ರ ಕಟ್ಟಿದವರು ಬೇರೆಯವರು. ವಿಶ್ವೇಶ್ವರ ಕೈಗೆತ್ತಿಕೊಂಡದ್ದು ಎರಡು ಪ್ರಶ್ನೆಗಳನ್ನು. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಉಳಿಯುತ್ತದೆಯೇ? ಉಳಿದರೆ, ಅಲುಗಿದ ಸುಳಿವು ದೂರದಲ್ಲಿರುವ ನಮಗೆ ಸಿಗುತ್ತದೆಯೇ? ಎರಡನೆಯದಕ್ಕೆ ಕೊಟ್ಟ ಉತ್ತರದಿಂದ ಅವರಿಗೆ ಹೆಸರು ಬಂತು. ನನಗಂತೂ ಮೊದಲನೆಯದೇ ಹೆಚ್ಚು ತೂಕದ್ದು ಎನಿಸುತ್ತದೆ.

ವಿಶ್ವೇಶ್ವರ ಹುಟ್ಟಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಹೆಸರಾಂತ ಲೇಖಕರು. 1947ರಲ್ಲಿ ಹರಪನಹಳ್ಳಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮಗ ಹಿಡಿದದ್ದು ಭೌತವಿಜ್ಞಾನದ ದಾರಿ. ಮೈಸೂರು ವಿಶ್ವವಿದ್ಯಾನಿಲಯದ ಪದವಿಗಳನ್ನು ಮುಗಿಸಿ ಅಮೆರಿಕಕ್ಕೆ ಹೋದರು. ಮೊದಲು ನ್ಯೂಯಾರ್ಕಿನ ಕೊಲಂಬಿಯಾ, ಅಲ್ಲಿಂದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ. ಪಿಎಚ್.ಡಿ.ಗೆ ಮಾರ್ಗದರ್ಶಕರಾಗಿ ಸಿಕ್ಕವರು ಚಾರ್ಲ್ಸ್ ಮಿಸ್ನರ್. ಮುಂದೆ ಕಿಪ್ ಥಾರ್ನ್, ಜಾನ್ ವೀಲರ್ ಅವರೊಡನೆ ‘ಗ್ರಾವಿಟೇಶನ್’ ಎಂಬ ಸಾವಿರ ಪುಟ ಮೀರಿದ ಗ್ರಂಥ ಬರೆದ ಮಿಸ್ನರ್ ಇವರೇ. ಸ್ವತಃ ವೀಲರ್ ಶಿಷ್ಯರು. ಹಾಗಾಗಿ ವಿಶ್ವೇಶ್ವರ ವೀಲರ್‌ಗೆ ಪ್ರಶಿಷ್ಯ.

ಮೇರಿಲ್ಯಾಂಡಿನಲ್ಲಿ ಆಗ ಇನ್ನೊಬ್ಬ ಹಟಯೋಗಿ ಇದ್ದರು, ಜೋಸೆಫ್ ವೆಬರ್. ದೊಡ್ಡ ದೊಡ್ಡ ಅಲ್ಯೂಮಿನಿಯಂ ಉರುಳೆಗಳನ್ನು ತೂಗುಹಾಕಿ, ಗುರುತ್ವ ಅಲೆ ತಾಕಿದರೆ ಅವು ನಡುಗುತ್ತವೆಯೇ ಎಂದು ಕಾದು ಕುಳಿತವರು. 1969ರಲ್ಲಿ ಅಲೆ ಸಿಕ್ಕಿತೆಂದು ಪ್ರಕಟಿಸಿಯೂ ಬಿಟ್ಟರು. ಬೇರೆ ಪ್ರಯೋಗಾಲಯಗಳಿಗೆ ಅದು ಸಿಗಲೇ ಇಲ್ಲ. ಒಂದೇ ವಿಶ್ವವಿದ್ಯಾಲಯದಲ್ಲಿ ಒಬ್ಬರು ಅಲೆ ಹಿಡಿಯಲು ಉಪಕರಣ ಕಟ್ಟುತ್ತಿದ್ದಾಗ, ಮತ್ತೊಬ್ಬರು ಹಿಡಿದ ಅಲೆಯಲ್ಲಿ ಏನನ್ನು ಹುಡುಕಬೇಕು ಎಂಬುದರತ್ತ ಕಾಗದದ ಮೇಲೆ ಹೆಜ್ಜೆ ಇಡುತ್ತಿದ್ದರು.

ಅಲುಗಿಸಿದರೆ ಉಳಿದೀತೇ?

1916ರಲ್ಲಿ ಜರ್ಮನಿಯ ಕಾರ್ಲ್ ಶ್ವಾರ್ಜ್‌ಶೀಲ್ಡ್ ಐನ್‌ಸ್ಟೈನ್ ಸಮೀಕರಣಗಳಿಗೆ ಒಂದು ಪರಿಹಾರ ಪ್ರಕಟಿಸಿದ್ದರು. ದುಂಡಗಿನ, ತಿರುಗದ ಕಾಯವೊಂದರ ಸುತ್ತ ದೇಶಕಾಲ ಹೇಗೆ ಬಾಗುತ್ತದೆ ಎಂಬುದಕ್ಕೆ ಅಚ್ಚುಕಟ್ಟಾದ ಸೂತ್ರ. ಅದರಲ್ಲೊಂದು ತೊಡಕು. ಸೂರ್ಯನನ್ನು ಸುಮಾರು 3 ಕಿಲೋಮೀಟರ್ ತ್ರಿಜ್ಯದೊಳಕ್ಕೆ ಅದುಮಿದರೆ ಆ ಗೋಳದ ಅಂಚಿನಲ್ಲಿ ಸೂತ್ರ ಕೈಕೊಡುತ್ತದೆ. ಕಾಲ ನಿಂತೇಹೋದಂತೆ ತೋರುತ್ತದೆ. ಇದು ಗಣಿತದ ಕಣ್ಕಟ್ಟೇ, ಪ್ರಕೃತಿಯಲ್ಲಿ ಇರುವ ಸಂಗತಿಯೇ ಎಂಬುದು ದಶಕಗಳ ಕಾಲ ಬಗೆಹರಿಯಲಿಲ್ಲ. ಐನ್‌ಸ್ಟೈನ್ ಅವರೇ ನಂಬಲಿಲ್ಲ. ‘ಬ್ಲ್ಯಾಕ್ ಹೋಲ್’ ಎಂಬ ಹೆಸರು ಹರಡಿದ್ದು 1967ರ ಕೊನೆಗೆ ವೀಲರ್ ಬಳಸಿದ ಮೇಲೆ.

ಸಮೀಕರಣಕ್ಕೆ ಪರಿಹಾರ ಸಿಕ್ಕಿದ ಮಾತ್ರಕ್ಕೆ ಅದು ಲೋಕದಲ್ಲಿ ಇರಲೇಬೇಕು ಎಂದಿಲ್ಲ. ಸೂಜಿಯನ್ನು ಮೊನೆಯ ಮೇಲೆ ನಿಲ್ಲಿಸುವುದು ನ್ಯೂಟನ್ ನಿಯಮಗಳ ಪ್ರಕಾರ ಸಾಧ್ಯ. ಉಸಿರು ತಾಗಿದರೆ ಬೀಳುವುದರಿಂದ ಅಂಥ ಸೂಜಿಯನ್ನು ಯಾರೂ ಕಂಡಿಲ್ಲ. ಶ್ವಾರ್ಜ್‌ಶೀಲ್ಡ್ ಗೋಳದ ಮೇಲೆ ಒಂದು ಚೂರು ಧೂಳು ಬಿದ್ದಾಗ, ಪಕ್ಕದಲ್ಲಿ ಒಂದು ನಕ್ಷತ್ರ ಹಾದುಹೋದಾಗ ಆಗುವ ಅಲುಗಾಟ ಕ್ರಮೇಣ ಅಡಗುತ್ತದೆಯೇ, ಇಲ್ಲಾ ಬೆಳೆಯುತ್ತಲೇ ಹೋಗಿ ಎಲ್ಲವನ್ನೂ ಕೆಡಿಸುತ್ತದೆಯೇ? ಬೆಳೆಯುವುದಾದರೆ ಕಪ್ಪುಕುಳಿಯ ಕಥೆ ಅಲ್ಲಿಗೇ ಮುಗಿಯಿತು. ಹುಟ್ಟಿದರೂ ಬಾಳುವುದಿಲ್ಲ.

ಟುಲಿಯೊ ರೆಜ್ಜೆ ಮತ್ತು ವೀಲರ್ 1957ರಲ್ಲೇ ಈ ಪ್ರಶ್ನೆಗೆ ಕೈಹಾಕಿದ್ದರು. ಅಲುಗಾಟವನ್ನು ವಿವರಿಸುವ ಸಮೀಕರಣ ಅವರಿಗೆ ಸಿಕ್ಕಿತು, ತೀರ್ಮಾನ ಸಿಗಲಿಲ್ಲ. ಗೋಳದ ಅಂಚಿನಲ್ಲಿ ಯಾವ ನಿಯಮ ಹೇರಬೇಕು ಎಂಬುದು ಆಗ ಸ್ಪಷ್ಟವಿರಲಿಲ್ಲ. ಅಲ್ಲಿ ಮಾಮೂಲಿ ನಿರ್ದೇಶಾಂಕಗಳೇ ಕೆಟ್ಟುಹೋಗುತ್ತವೆ. ಕೆಟ್ಟ ಅಳತೆಗೋಲು ಹಿಡಿದು ಅಳೆದರೆ ಒಳ್ಳೆಯದೂ ಕೆಟ್ಟದ್ದಾಗಿ ಕಾಣಬಹುದು, ಕೆಟ್ಟದ್ದೂ ಒಳ್ಳೆಯದಾಗಿ ಕಾಣಬಹುದು. 1960ರಲ್ಲಿ ಮಾರ್ಟಿನ್ ಕ್ರುಸ್ಕಲ್ ಅಂಚಿನಲ್ಲೂ ಕೆಡದ ನಿರ್ದೇಶಾಂಕಗಳನ್ನು ಪ್ರಕಟಿಸಿದರು. ವಿಶ್ವೇಶ್ವರ ಅವನ್ನು ಬಳಸಿಕೊಂಡರು. ಕಾಲದೊಂದಿಗೆ ಬೆಳೆಯುತ್ತ ಹೋಗುವ ಅಲುಗಾಟವನ್ನು ಕ್ರುಸ್ಕಲ್ ಅಳತೆಯಲ್ಲಿ ನೋಡಿದರೆ, ಅದು ಶುರುವಾಗುವ ಹೊತ್ತಿಗೇ ಅಂಚಿನಲ್ಲಿ ಅನಂತವಾಗಿಬಿಟ್ಟಿರುತ್ತದೆ. ಆದಿಯಲ್ಲೇ ಅನಂತವಾದದ್ದನ್ನು ‘ಸಣ್ಣ ಅಲುಗಾಟ’ ಎನ್ನಲಾಗದು. ಆದ್ದರಿಂದ ಅಂಥದ್ದು ಲೆಕ್ಕದಿಂದ ಆಚೆ. ಮಿಕ್ಕವೆಲ್ಲ ಅಡಗುವಂಥವು. ಕಪ್ಪುಕುಳಿ ಉಳಿಯುತ್ತದೆ.

1968ರ ಹೊತ್ತಿಗೆ ಮುಗಿದ ಈ ಕೆಲಸ 1970ರಲ್ಲಿ ‘ಫಿಸಿಕಲ್ ರಿವ್ಯೂ’ನಲ್ಲಿ ಬಂತು. ಅದೇ ವರ್ಷ ಎಡೆಲ್‌ಸ್ಟೈನ್ ಎಂಬುವರ ಜೊತೆ ಸೇರಿ, ರೆಜ್ಜೆ-ವೀಲರ್ ಪ್ರಬಂಧದ ಸಮೀಕರಣಗಳಲ್ಲಿ ಉಳಿದಿದ್ದ ತಪ್ಪುಗಳನ್ನೂ ತಿದ್ದಿದರು. ಅದಕ್ಕೆ ಮುಂಚೆ, 1968ರಲ್ಲಿ, ತಿರುಗುವ ಕಪ್ಪುಕುಳಿಯ ಕುರಿತು ಇನ್ನೊಂದು ಪ್ರಬಂಧ ಬಂದಿತ್ತು. ಯಾವುದೂ ನಿಶ್ಚಲವಾಗಿ ನಿಲ್ಲಲಾಗದ ಗಡಿ, ಒಳಹೊಕ್ಕರೆ ಹೊರಬರಲಾಗದ ಗಡಿ, ಇವೆರಡೂ ತಿರುಗದ ಕಪ್ಪುಕುಳಿಯಲ್ಲಿ ಒಂದೇ, ತಿರುಗುವುದರಲ್ಲಿ ಬೇರೆ ಬೇರೆ ಎಂದು ತೋರಿಸಿದ ಬರಹ. ಆ ಎರಡು ಗಡಿಗಳ ನಡುವಿನ ಜಾಗಕ್ಕೆ ಮುಂದೆ ‘ಎರ್ಗೊಸ್ಫಿಯರ್’ ಎಂಬ ಹೆಸರಾಯಿತು.

ಮೊದಲ ಪ್ರಶ್ನೆಗೆ ಹೆಚ್ಚು ತೂಕ ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣವೂ ಇದೆ. ವಿಶ್ವೇಶ್ವರ ಉತ್ತರಿಸಿದ್ದು ಸಣ್ಣ ಅಲುಗಾಟಗಳಿಗೆ, ತಿರುಗದ ಕಪ್ಪುಕುಳಿಗೆ. ಐನ್‌ಸ್ಟೈನ್ ಸಮೀಕರಣಗಳ ಪೂರ್ಣ ಜಟಿಲತೆಯನ್ನು ಒಳಗೊಂಡು, ನಿಧಾನವಾಗಿ ತಿರುಗುವ ಕಪ್ಪುಕುಳಿಯೂ ಸ್ಥಿರ ಎಂದು ಸಾಧಿಸಲು ಗಣಿತಜ್ಞರು ಈಚಿನವರೆಗೂ ಹೆಣಗಿದ್ದಾರೆ. ಅದಕ್ಕಾಗಿ ಗಿಯೊರ್ಗಿ, ಕ್ಲೈನರ್‌ಮನ್, ಸೆಫ್ಟೆಲ್ ಮೂವರು 2022ರಲ್ಲಿ ಹೊರತಂದ ಪ್ರಬಂಧ 900 ಪುಟ ದಾಟಿತು. ವೇಗವಾಗಿ ತಿರುಗುವ ಕಪ್ಪುಕುಳಿಯ ಸರದಿ ಇನ್ನೂ ಬಂದಿಲ್ಲ.

ಕಪ್ಪುಕುಳಿಗೆ ಅಲೆ ಎಸೆದದ್ದು

ಮಣ್ಣಿನ ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ತಟ್ಟಿದ್ದಕ್ಕೆ ಒಡೆಯುವ ಗಡಿಗೆ ಯಾರಿಗೂ ಬೇಡ. ಒಡೆಯದಿದ್ದರೆ ಬರುವ ಸದ್ದೇ ಅದು ಎಷ್ಟು ಬೆಂದಿದೆ, ಎಲ್ಲಿ ಬಿರುಕಿದೆ ಎಂಬುದನ್ನೆಲ್ಲ ಹೇಳಿಬಿಡುತ್ತದೆ. ವಿಶ್ವೇಶ್ವರ ಎರಡನೆಯ ಪ್ರಶ್ನೆಗೆ ಬಂದದ್ದು ಹೀಗೆಯೇ. ಒಡೆಯುವುದಿಲ್ಲ ಎಂದು ಖಾತ್ರಿಯಾಯಿತು. ಇನ್ನು ಸದ್ದು ಹೇಗಿರುತ್ತದೆ?

ಸುತ್ತ ಅನಿಲವಿಲ್ಲದ, ಜೊತೆಗೊಂದು ನಕ್ಷತ್ರವಿಲ್ಲದ, ಆಕಾಶದಲ್ಲಿ ಒಂಟಿಯಾಗಿರುವ ಕಪ್ಪುಕುಳಿಯನ್ನು ಕಾಣುವುದು ಹೇಗೆ ಎಂಬುದು ಆಗಿನ ಸವಾಲು. ಬೆಳಕನ್ನೇ ಹೊರಬಿಡದ ವಸ್ತು ತಾನಾಗಿ ಕಾಣಿಸುವುದಿಲ್ಲ. ಅದರ ಮೇಲೆ ಏನನ್ನಾದರೂ ಎಸೆದು, ಚೆದರಿ ಬಂದದ್ದರಲ್ಲಿ ಅದರ ಬೆರಳಚ್ಚು ಹುಡುಕಬೇಕು ಎಂಬುದು ವಿಶ್ವೇಶ್ವರರ ಯೋಚನೆ. ಎಸೆಯಲು ಆರಿಸಿಕೊಂಡದ್ದು ಗುರುತ್ವ ಅಲೆಯ ಒಂದು ಪುಟ್ಟ ಕಂತೆ: ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ, ಗಾಸ್ ವಕ್ರರೇಖೆಯ ಆಕಾರದ್ದು. ಕಂಪ್ಯೂಟರುಗಳು ಪಂಚ್ ಕಾರ್ಡ್ ನುಂಗುತ್ತಿದ್ದ ಕಾಲ. ಇಂದಿನ ಮೊಬೈಲಿನ ಒಂದು ಮೂಲೆಗೂ ಸಾಟಿಯಾಗದ ಯಂತ್ರದಲ್ಲಿ ರೆಜ್ಜೆ-ವೀಲರ್ ಸಮೀಕರಣವನ್ನು ಹಂತ ಹಂತವಾಗಿ ಬಿಡಿಸಬೇಕು.

ಮೊದಲು ಅಗಲವಾದ ಕಂತೆ ಎಸೆದು ನೋಡಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹೋದ ಆಕಾರದಲ್ಲೇ, ಸ್ವಲ್ಪ ಬಡಕಲಾಗಿ ವಾಪಸು ಬಂತು. ಕಂತೆಯನ್ನು ಕಿರಿದು ಮಾಡುತ್ತ ಹೋದರು. ಅದರ ಅಗಲ ಕಪ್ಪುಕುಳಿಯ ಗಾತ್ರದಷ್ಟಕ್ಕೆ ಇಳಿದಾಗ ನಕ್ಷೆ ಬದಲಾಯಿತು. ಹಿಂದಿರುಗಿದ ಅಲೆಯ ಬಾಲದಲ್ಲಿ ಹೊಸದೊಂದು ಏರಿಳಿತ, ಒಂದೇ ಆವೃತ್ತಿಯದು, ಪ್ರತಿ ಸುತ್ತಿಗೂ ಒಂದೇ ಪ್ರಮಾಣದಲ್ಲಿ ಕುಗ್ಗುವಂಥದು. ಇನ್ನೂ ಕಿರಿದು ಮಾಡಿದರೂ ಬಾಲದ ಆವೃತ್ತಿ ಅದೇ, ಕುಗ್ಗುವ ವೇಗವೂ ಅದೇ. ಎಸೆದದ್ದು ಏನು, ಹೇಗೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಕಪ್ಪುಕುಳಿಯದೇ ದನಿ.

ಇದು ಎಲ್ಲಿಂದ ಬರುತ್ತದೆ? ತಿರುಗದ ಕಪ್ಪುಕುಳಿಯ ಘಟನಾ ದಿಗಂತದ, ಅಂದರೆ ಒಳಹೊಕ್ಕರೆ ಹೊರಬರಲಾಗದ ಗಡಿಯ, ಒಂದೂವರೆ ಪಟ್ಟು ದೂರದಲ್ಲಿ ಬೆಳಕು ವೃತ್ತಾಕಾರವಾಗಿ ಸುತ್ತಬಲ್ಲ ಒಂದು ಕಕ್ಷೆಯಿದೆ. ಗುರುತ್ವ ಅಲೆಯೂ ಅಲ್ಲಿ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಗಿರಕಿ ಹೊಡೆಯುತ್ತದೆ. ಕಕ್ಷೆ ಭದ್ರವಲ್ಲ. ಒಂದಷ್ಟು ಒಳಗೆ ಬಿದ್ದು ಕಾಣೆಯಾಗುತ್ತದೆ, ಒಂದಷ್ಟು ಹೊರಗೆ ಸೋರುತ್ತದೆ. ಸೋರಿ ನಮ್ಮತ್ತ ಬರುವುದೇ ಆ ದನಿ. ಎರಡೂ ಕಡೆ ಸೋರಿಕೆ ಇರುವುದರಿಂದ ಅದು ಬೇಗ ಅಡಗುತ್ತದೆ.

ಲೆಕ್ಕದಲ್ಲಿ ಹೇಳುವುದಾದರೆ, ಸೂರ್ಯನಷ್ಟೇ ದ್ರವ್ಯರಾಶಿಯ, ತಿರುಗದ ಕಪ್ಪುಕುಳಿಯ ಮುಖ್ಯ ಸ್ವರದ ಆವೃತ್ತಿ ಸುಮಾರು 12,000 ಹರ್ಟ್ಸ್. ಅದು ಮೂರರಲ್ಲೊಂದಕ್ಕಿಂತ ತುಸು ಹೆಚ್ಚು ಭಾಗಕ್ಕೆ ಕುಗ್ಗಲು ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ 55 ಪಾಲು. ದ್ರವ್ಯರಾಶಿ ಹತ್ತು ಪಟ್ಟಾದರೆ ಸ್ವರ ಹತ್ತು ಪಟ್ಟು ತಗ್ಗುತ್ತದೆ, ಉಳಿಯುವ ಹೊತ್ತು ಹತ್ತು ಪಟ್ಟು ಹಿಗ್ಗುತ್ತದೆ. ತಿರುಗುವ ಕಪ್ಪುಕುಳಿಯಾದರೆ ಸ್ವರ ಇನ್ನಷ್ಟು ಮೇಲಕ್ಕೆ. ಬೇರೆ ಯಾವುದೂ ಇದನ್ನು ಬದಲಿಸುವುದಿಲ್ಲ. ಕಪ್ಪುಕುಳಿ ಕಬ್ಬಿಣ ನುಂಗಿ ಹುಟ್ಟಿತೇ, ಹೈಡ್ರೋಜನ್ ನುಂಗಿ ಬೆಳೆಯಿತೇ ಎಂಬುದರ ಗುರುತೇ ಉಳಿಯದು. ದ್ರವ್ಯರಾಶಿ, ತಿರುಗುವಿಕೆ ಎರಡೇ ಸಂಖ್ಯೆ ಸಾಕು ಎನ್ನುತ್ತದೆ ಸಾಪೇಕ್ಷತಾ ಸಿದ್ಧಾಂತ. ವಿದ್ಯುದಾವೇಶವೂ ಇರಬಹುದು, ಆದರೆ ಆಕಾಶದ ನಿಜವಾದ ಕಪ್ಪುಕುಳಿಗಳಲ್ಲಿ ಅದು ನಗಣ್ಯ.

ಒಂದು ಸ್ವರದಿಂದ ಸಿಗುವುದು ಎರಡು ಅಳತೆ, ಆವೃತ್ತಿ ಮತ್ತು ಅಡಗುವ ಹೊತ್ತು. ತಿಳಿಯಬೇಕಾದದ್ದೂ ಎರಡೇ, ದ್ರವ್ಯರಾಶಿ ಮತ್ತು ತಿರುಗುವಿಕೆ. ಲೆಕ್ಕ ಸರಿಹೋಯಿತು. ಜೊತೆಗೆ ಇನ್ನೊಂದು ಸ್ವರವೂ ಕೇಳಿಸಿದರೆ? ಅದು ಹೇಗಿರಬೇಕು ಎಂದು ಮೊದಲೇ ಗೊತ್ತಿರುತ್ತದೆ. ಹಾಗಿಲ್ಲದಿದ್ದರೆ ಒಂದೋ ಅದು ಕಪ್ಪುಕುಳಿಯಲ್ಲ, ಇಲ್ಲವೇ ಐನ್‌ಸ್ಟೈನ್ ಎಲ್ಲೋ ತಪ್ಪಿದ್ದಾರೆ.

1970ರಲ್ಲಿ ಇದನ್ನೆಲ್ಲ ಪರೀಕ್ಷಿಸಲು ಯಂತ್ರವೂ ಇರಲಿಲ್ಲ, ಖಚಿತವಾಗಿ ಗುರುತಿಸಿದ ಒಂದು ಕಪ್ಪುಕುಳಿಯೂ ಇರಲಿಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ. 1971ರಲ್ಲಿ ವಿಲಿಯಂ ಪ್ರೆಸ್ ಈ ಕಂಪನಗಳಿಗೆ ಕ್ವಾಸಿನಾರ್ಮಲ್ ಮೋಡ್ ಎಂಬ ಹೆಸರು ಕೊಟ್ಟರು. ತಿರುಗುವ ಕಪ್ಪುಕುಳಿಯ ಅಲುಗಾಟಕ್ಕೆ ಸಮೀಕರಣ ಬರೆದವರು ಸಾಲ್ ಟ್ಯೂಕೋಲ್‌ಸ್ಕಿ. ಎಸ್. ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್‌ವೈಲರ್ 1975ರಲ್ಲಿ ಆವೃತ್ತಿಗಳನ್ನು ನೇರವಾಗಿ ಲೆಕ್ಕಹಾಕಿದರು. 1985ರಲ್ಲಿ ಎಡ್ವರ್ಡ್ ಲೀವರ್ ಇನ್ನೂ ನಿಖರವಾದ ಒಂದು ದಾರಿ ತೋರಿದರು. ಅದರ ಮೂಲವೋ, ಹೈಡ್ರೋಜನ್ ಅಣುವಿನ ಅಯಾನಿಗಾಗಿ ದಶಕಗಳ ಹಿಂದೆ ಹುಟ್ಟಿದ ಗಣಿತ! 2005ರಲ್ಲಿ ಫ್ರಾನ್ಸ್ ಪ್ರಿಟೋರಿಯಸ್ ಎರಡು ಕಪ್ಪುಕುಳಿಗಳ ಡಿಕ್ಕಿಯನ್ನು ಕಂಪ್ಯೂಟರಿನಲ್ಲಿ ಮೊದಲ ಬಾರಿ ಪೂರ್ತಿಯಾಗಿ ನಡೆಸಿ ತೋರಿಸಿದಾಗ, ಅಲೆಯ ಕೊನೆಯಲ್ಲಿ ಕಂಡದ್ದು ಕುಗ್ಗುತ್ತ ಹೋಗುವ ಅದೇ ಬಾಲ. ತಜ್ಞರು ಅದನ್ನು ‘ರಿಂಗ್‌ಡೌನ್’ ಎನ್ನುತ್ತಾರೆ.

ಬೆಂಗಳೂರಿಗೆ

1976ರಲ್ಲಿ ವಿಶ್ವೇಶ್ವರ ಭಾರತಕ್ಕೆ ಮರಳಿ ರಾಮನ್ ಸಂಶೋಧನಾ ಸಂಸ್ಥೆ ಸೇರಿದರು. 1992ರಿಂದ 2005ರವರೆಗೆ ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆಯಲ್ಲಿದ್ದರು. ಆಪ್ತರಿಗೆಲ್ಲ ಅವರು ‘ವಿಶು’. ರಾಮನ್ ಸಂಸ್ಥೆಯಲ್ಲಿ ಅವರೊಂದಿಗೆ ದುಡಿದ ಬಾಲಾ ಅಯ್ಯರ್, ಫ್ರಾನ್ಸಿನ ಲೂಕ್ ಬ್ಲಾಂಶೆ ಮತ್ತು ತಿಬೊ ದಾಮೂರ್ ಜೊತೆ ಸೇರಿ, ಎರಡು ಕಪ್ಪುಕುಳಿಗಳು ಒಂದರ ಸುತ್ತ ಒಂದು ಸುತ್ತುತ್ತ ಹತ್ತಿರವಾಗುವಾಗ ಹೊರಡುವ ಅಲೆಯ ಲೆಕ್ಕವನ್ನು ದಶಕಗಟ್ಟಲೆ ಹದಗೊಳಿಸಿದರು. ಹೀಗೆ ಲೈಗೊ ಹಿಡಿದ ಅಲೆಯ ಮೊದಲ ಭಾಗದ ಲೆಕ್ಕದಲ್ಲೂ ಕೊನೆಯ ಭಾಗದ ಲೆಕ್ಕದಲ್ಲೂ ಬೆಂಗಳೂರಿನ ಪಾಲಿದೆ. ಗದ್ದಲದ ನಡುವೆ ಹೂತುಹೋದ ಅಲೆಯನ್ನು ಹೆಕ್ಕುವ ವಿಧಾನಕ್ಕೆ ಪುಣೆಯ ಐಯುಕಾದಲ್ಲಿ ಸಂಜೀವ ಧುರಂಧರ್ ಮತ್ತು ಬಿ.ಎಸ್. ಸತ್ಯಪ್ರಕಾಶ್ ಅಡಿಪಾಯ ಹಾಕಿದರು.

ಜನಸಾಮಾನ್ಯರಿಗೆ ವಿಶ್ವೇಶ್ವರರ ಪರಿಚಯವಾದದ್ದು ಬೇರೊಂದು ಬಾಗಿಲಿನಿಂದ. ಬೆಂಗಳೂರಿನ ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರೂ ತಾರಾಲಯ 1989ರಲ್ಲಿ ಶುರುವಾದಾಗ ಅದರ ಸ್ಥಾಪಕ ನಿರ್ದೇಶಕರು ಅವರೇ. ಪ್ರದರ್ಶನಗಳಿಗೆ ಕಥನ ಬರೆದರು. ಕಾಲೇಜು ವಿದ್ಯಾರ್ಥಿಗಳಿಗೆ ನಿಜವಾದ ಭೌತವಿಜ್ಞಾನ ಕಲಿಸುವ ತರಗತಿಗಳು ಅಲ್ಲೇ ಬೆಳೆದವು. ಅವರಿಗೆ ವ್ಯಂಗ್ಯಚಿತ್ರ ಬರೆಯುವ ಹುಚ್ಚೂ ಇತ್ತು. ಸಾಮಾನ್ಯ ಓದುಗರಿಗಾಗಿ 2006ರಲ್ಲಿ ಬರೆದ ಪುಸ್ತಕದ ಹೆಸರು ‘ಐನ್‌ಸ್ಟೈನ್ಸ್ ಎನಿಗ್ಮಾ ಆರ್ ಬ್ಲ್ಯಾಕ್ ಹೋಲ್ಸ್ ಇನ್ ಮೈ ಬಬಲ್ ಬಾತ್’. ಕಪ್ಪುಕುಳಿಯನ್ನು ಸ್ನಾನದ ತೊಟ್ಟಿಗೆ ಇಳಿಸಿದ ಈ ತಮಾಷೆ ನಿಜವೇ ಆಗಿಹೋಯಿತು ಎನ್ನಿ. 2020ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡವೊಂದು ನೀರಿನ ತೊಟ್ಟಿಯ ತೂಬಿನ ಮೇಲೆ ಸುಳಿ ಎಬ್ಬಿಸಿ, ಅದರ ಅಲೆಗಳಲ್ಲಿ ಕ್ವಾಸಿನಾರ್ಮಲ್ ಮೋಡ್‌ಗಳನ್ನು ಗುರುತಿಸಿತು.

ನಾಲ್ಕು ಮಿಲಿಸೆಕೆಂಡು

2015ರ ಸೆಪ್ಟೆಂಬರ್ 14. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ. ಲೂಸಿಯಾನದ ಲಿವಿಂಗ್‌ಸ್ಟನ್‌ನಲ್ಲಿರುವ ಲೈಗೊ ಯಂತ್ರಕ್ಕೆ ಒಂದು ಅಲೆ ತಾಕಿತು, 7 ಮಿಲಿಸೆಕೆಂಡಿನ ಬಳಿಕ ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್ ಯಂತ್ರಕ್ಕೆ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸೂರ್ಯನ 36 ಮತ್ತು 29 ಪಟ್ಟು ತೂಗುವ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದಾಗಿದ್ದವು. ಕೂಡಿಸಿದರೆ ಕಡಿಮೆ ಬೀಳುವ 3 ಸೂರ್ಯರಷ್ಟು ದ್ರವ್ಯರಾಶಿ ಗುರುತ್ವ ಅಲೆಯಾಗಿ ಹೊರಟುಹೋಗಿತ್ತು. ನಾಲ್ಕು ಕಿಲೋಮೀಟರ್ ಉದ್ದದ ಯಂತ್ರದ ತೋಳು ಅದರಿಂದ ಹಿಗ್ಗಿ ಕುಗ್ಗಿದ್ದು ಪ್ರೋಟಾನಿನ ವ್ಯಾಸಕ್ಕಿಂತ ನೂರಾರು ಪಟ್ಟು ಕಿರಿದು.

ಪೂರ್ತಿ ಸದ್ದು ಸೆಕೆಂಡಿನ ಐದನೇ ಒಂದು ಭಾಗ. 35 ಹರ್ಟ್ಸ್‌ನಿಂದ ಏರುತ್ತ ಏರುತ್ತ ತುದಿ ಮುಟ್ಟಿ, ಥಟ್ಟನೆ ಅಡಗುತ್ತದೆ. ಅಡಗುವ ಆ ತುಣುಕೇ ರಿಂಗ್‌ಡೌನ್. ಅದನ್ನು ಬಿಡಿಸಿ ನೋಡಿದರೆ ಆವೃತ್ತಿ ಸುಮಾರು 250 ಹರ್ಟ್ಸ್, ಹಾರ್ಮೋನಿಯಂನ ಬಿಳಿ ಒಂದಕ್ಕಿಂತ ಕೊಂಚ ಕೆಳಗೆ. ಕುಗ್ಗುವ ಹೊತ್ತು ಸುಮಾರು 4 ಮಿಲಿಸೆಕೆಂಡು. 250 ಹರ್ಟ್ಸ್ ಎಂದರೆ ಒಂದು ಕಂಪನಕ್ಕೂ 4 ಮಿಲಿಸೆಕೆಂಡೇ. ಅಂದರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ದನಿಯ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸೋರಿಹೋಗಿರುತ್ತದೆ. ಎರಡು ಮೂರು ಬಾರಿ ಅಲುಗಿ ಸುಮ್ಮನಾಗುತ್ತದೆ. ಸೂರ್ಯನ 62 ಪಟ್ಟಿನ, ಅಲೆಯಿಂದ ಅಂದಾಜಿಸಿದ ವೇಗದಲ್ಲಿ ತಿರುಗುವ ಕಪ್ಪುಕುಳಿಗೆ ಸಿದ್ಧಾಂತ ಹೇಳುವ ಸ್ವರವನ್ನು ವಿಶ್ವದ ವಿಸ್ತರಣೆಗೆ ತಕ್ಕಂತೆ ತಗ್ಗಿಸಿದರೆ ಸಿಗುವುದೂ ಇದೇ ಅಂಕಿ.

ಇಷ್ಟಾದರೂ 2016ರಲ್ಲಿ ಒಂದು ಎಚ್ಚರಿಕೆಯ ಮಾತು ಉಳಿದಿತ್ತು. ಆ ಬಾಲ ತೀರಾ ಕ್ಷೀಣ. ಸಿದ್ಧಾಂತದೊಂದಿಗೆ ಹೊಂದುತ್ತದೆ ಎನ್ನಬಹುದಿತ್ತೇ ವಿನಾ ಇದೇ ಎಂದು ಎದೆತಟ್ಟಿ ಹೇಳುವಂತಿರಲಿಲ್ಲ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಐಸಿಟಿಎಸ್ ಸಂಶೋಧನಾ ಕೇಂದ್ರದ ಪಿ. ಅಜಿತ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆ ಇಲ್ಲಿ ನೆರವಿಗೆ ಬಂತು. ಅಲೆಯ ಮೊದಲರ್ಧದಿಂದಷ್ಟೇ ಕೊನೆಯ ಕಪ್ಪುಕುಳಿಯ ದ್ರವ್ಯರಾಶಿ, ತಿರುಗುವಿಕೆಗಳನ್ನು ಅಂದಾಜಿಸುವುದು, ಉತ್ತರಾರ್ಧದಿಂದ ಪ್ರತ್ಯೇಕವಾಗಿ ಅಂದಾಜಿಸುವುದು, ಎರಡೂ ತಾಳೆಯಾಗುತ್ತವೆಯೇ ಎಂದು ನೋಡುವುದು. ತಾಳೆಯಾದವು.

ವಿಶ್ವೇಶ್ವರ 2017ರ ಜನವರಿ 16ರಂದು ತೀರಿಕೊಂಡರು. ಆ ವರ್ಷದ ಅಕ್ಟೋಬರಿನಲ್ಲಿ ರೈನರ್ ವೈಸ್, ಬ್ಯಾರಿ ಬ್ಯಾರಿಷ್, ಕಿಪ್ ಥಾರ್ನ್ ಅವರಿಗೆ ನೊಬೆಲ್ ಬಂತು. ವಿಶ್ವೇಶ್ವರರಿಗೂ ಸಲ್ಲಬೇಕಿತ್ತು ಎಂಬ ಮಾತು ಆಗಾಗ ಕೇಳುತ್ತದೆ. ಆ ವಾದಕ್ಕೆ ನನ್ನ ಮನಸ್ಸು ಒಗ್ಗುವುದಿಲ್ಲ. ಆ ನೊಬೆಲ್ ಯಂತ್ರಕ್ಕೆ, ಪತ್ತೆಗೆ ಸಂದದ್ದು. ವಿಶ್ವೇಶ್ವರರ ಕೆಲಸದ ಬೆಲೆ ಕಟ್ಟುವ ಅಲೆ ಬಂದದ್ದು ಅವರು ಹೋಗಿ ಹೆಚ್ಚುಕಡಿಮೆ ಎಂಟು ವರ್ಷಕ್ಕೆ.

2025ರ ಜನವರಿ 14ರಂದು ಲೈಗೊಗೆ ಸಿಕ್ಕ ಜಿಡಬ್ಲ್ಯೂ250114 ಎಂಬ ಅಲೆ ಹೆಚ್ಚುಕಡಿಮೆ 2015ರದ್ದೇ ಅಚ್ಚು. ಸೂರ್ಯನ 33.6 ಮತ್ತು 32.2 ಪಟ್ಟಿನ ಎರಡು ಕಪ್ಪುಕುಳಿಗಳು, ದೂರವೂ ಹತ್ತಿರಹತ್ತಿರ ಅಷ್ಟೇ. ವ್ಯತ್ಯಾಸ ಇದ್ದದ್ದು ಯಂತ್ರದಲ್ಲಿ. ಹತ್ತು ವರ್ಷಗಳಲ್ಲಿ ಅದರ ಗದ್ದಲ ಎಷ್ಟು ತಗ್ಗಿತ್ತೆಂದರೆ, 2015ರ ಅಲೆ ಹಿನ್ನೆಲೆ ಗದ್ದಲದ 24 ಪಟ್ಟು ಎದ್ದು ಕಂಡಿದ್ದರೆ ಇದು 80 ಪಟ್ಟು. ಬಾಲದಲ್ಲಿ ಈ ಸಲ ಎರಡು ಸ್ವರ ಬೇರೆಬೇರೆಯಾಗಿ ಸಿಕ್ಕವು. ಒಂದು ಮುಖ್ಯ ಸ್ವರ, ಮತ್ತೊಂದು ಅದಕ್ಕಿಂತ ಬೇಗ ಅಡಗುವ ಮೇಲ್ಸ್ವರ. ಮೊದಲನೆಯದರಿಂದ ದ್ರವ್ಯರಾಶಿ, ತಿರುಗುವಿಕೆ, ಎರಡನೆಯದು ಸಾಕ್ಷಿ. ತಿರುಗುವ ಕಪ್ಪುಕುಳಿಗೆ ರಾಯ್ ಕೆರ್ 1963ರಲ್ಲಿ ಬರೆದ ಪರಿಹಾರ ಹೇಳುವ ಆವೃತ್ತಿಗಳೊಂದಿಗೆ ಶೇ 30ರ ಮಿತಿಯೊಳಗೆ ಸಾಕ್ಷಿ ಹೊಂದಿತು. ಶೇ 30 ಎಂದರೆ ಸಡಿಲ ಎನಿಸಬಹುದು. 2015ರ ಅಲೆಯಲ್ಲಿ ಇಂಥ ಎರಡನೇ ಸ್ವರ ಇದೆಯೇ ಇಲ್ಲವೇ ಎಂಬ ಬಗ್ಗೆಯೇ ತಜ್ಞರು ವರ್ಷಗಟ್ಟಲೆ ಜಗಳವಾಡಿದ್ದರು ಎಂಬುದನ್ನು ನೆನೆದರೆ ಇದು ದೊಡ್ಡ ಮುನ್ನಡೆ.

ಅದೇ ಅಲೆಯಿಂದ ಇನ್ನೊಂದು ಲೆಕ್ಕವೂ ಬಗೆಹರಿಯಿತು. ಕಪ್ಪುಕುಳಿಗಳ ದಿಗಂತದ ಒಟ್ಟು ವಿಸ್ತೀರ್ಣ ಎಂದೂ ಕಡಿಮೆಯಾಗದು ಎಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದರು. ಡಿಕ್ಕಿಗೆ ಮುಂಚೆ ಎರಡರ ವಿಸ್ತೀರ್ಣ ಕೂಡಿ ಸುಮಾರು 2.4 ಲಕ್ಷ ಚದರ ಕಿಲೋಮೀಟರ್, ಆಮೇಲೆ ಒಂದರದೇ ಸುಮಾರು 4 ಲಕ್ಷ. ಕರ್ನಾಟಕದ ವಿಸ್ತೀರ್ಣ 1.92 ಲಕ್ಷ ಚದರ ಕಿಲೋಮೀಟರ್; 60ಕ್ಕೂ ಹೆಚ್ಚು ಸೂರ್ಯರು ಇಂಥ ಎರಡು ರಾಜ್ಯಗಳಷ್ಟು ಮೇಲ್ಮೈಯೊಳಗೆ ಅಡಗಿ ಕುಳಿತದ್ದನ್ನು ಅಳೆದದ್ದು ಆ ಬಾಲದಿಂದ.

ಕ್ವಾಸಿನಾರ್ಮಲ್ ಮೋಡ್‌ಗಳು ಖಭೌತವಿಜ್ಞಾನದ ಬೇಲಿ ಹಾರಿ ಬಹಳ ಕಾಲವಾಯಿತು. ಬಿಸಿ ಕ್ವಾರ್ಕ್ ದ್ರವವೊಂದು ಎಷ್ಟು ಬೇಗ ಸಮಸ್ಥಿತಿಗೆ ಬರುತ್ತದೆ ಎಂಬುದನ್ನು ಐದು ಆಯಾಮದ ಕಾಲ್ಪನಿಕ ಕಪ್ಪುಕುಳಿಯ ಕಂಪನದಿಂದ ಲೆಕ್ಕಹಾಕುವ ಪಂಥವೇ ಇದೆ. ಮನೆಯೊಳಗೂ ಅವು ಬಂದವು. ವಿಶ್ವೇಶ್ವರ ಮತ್ತು ಜೀವಭೌತ ವಿಜ್ಞಾನಿ ಸರಸ್ವತಿ ವಿಶ್ವೇಶ್ವರ ಅವರ ಮಗಳು ಸ್ಮಿತಾ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ. ಅವರ ಕ್ಷೇತ್ರ ಅತಿಶೀತದಲ್ಲಿ ಎಲೆಕ್ಟ್ರಾನುಗಳ ವರ್ತನೆ. ಬಲವಾದ ಕಾಂತಕ್ಷೇತ್ರದಲ್ಲಿ ತೆಳು ಪದರದ ಎಲೆಕ್ಟ್ರಾನುಗಳು ತೋರುವ ಕ್ವಾಂಟಂ ಹಾಲ್ ಪರಿಣಾಮದಲ್ಲೂ ಕಪ್ಪುಕುಳಿಯಂಥ ಕ್ವಾಸಿನಾರ್ಮಲ್ ಅಡಗುವಿಕೆ ಇದೆ ಎಂದು 2019ರಲ್ಲಿ ಸೂರಜ್ ಹೆಗಡೆ ಮತ್ತಿತರರೊಂದಿಗೆ ಸೇರಿ ತೋರಿಸಿದರು.

ಆದರೆ ಒಂದು ಕೊಕ್ಕೆ ಉಳಿದಿದೆ, ಅದನ್ನು ತಂದಿಟ್ಟವರಲ್ಲಿ ವಿಶ್ವೇಶ್ವರರೂ ಒಬ್ಬರು. ದನಿ ಹುಟ್ಟುವುದು ಬೆಳಕಿನ ಕಕ್ಷೆಯ ಬಳಿ, ದಿಗಂತದಲ್ಲಿ ಅಲ್ಲ. ಹಾಗಾದರೆ ಆ ಕಕ್ಷೆಗಿಂತ ಕಿರಿದಾದ, ಆದರೆ ದಿಗಂತವೇ ಇಲ್ಲದ ಗಟ್ಟಿ ಕಾಯವೊಂದಿದ್ದರೆ? 1985ರಲ್ಲಿ ಅಯ್ಯರ್, ವಿಶ್ವೇಶ್ವರ, ಧುರಂಧರ್ ಮೂವರೂ ಸೇರಿ ಬರೆದ ಪ್ರಬಂಧ ಇಂಥ ‘ಅಲ್ಟ್ರಾಕಾಂಪ್ಯಾಕ್ಟ್’ ಕಾಯಗಳ ಕುರಿತೇ. 2016ರಲ್ಲಿ ವಿಟರ್ ಕಾರ್ಡೋಸೊ, ಎಡ್ಗಾರ್ಡೊ ಫ್ರಾಂಜಿನ್, ಪಾವ್ಲೊ ಪಾನಿ ಈ ಗಂಟನ್ನು ಬಿಗಿಗೊಳಿಸಿದರು. ಅಂಥ ಕಾಯವೂ ಮೊದಲಿಗೆ ಥೇಟ್ ಕಪ್ಪುಕುಳಿಯಂತೆಯೇ ಸದ್ದು ಮಾಡುತ್ತದೆ. ಆಮೇಲೆ, ಒಳಗೆ ಬಿದ್ದ ಅಲೆ ಮೇಲ್ಮೈಗೆ ಬಡಿದು ಮರಳಿ ಬಂದು ಕ್ಷೀಣವಾದ ಮಾರ್ದನಿಗಳಾಗಿ ಕೇಳಬೇಕು. ಮಾರ್ದನಿಗಾಗಿ ಹುಡುಕಾಟ ನಡೆದೇ ಇದೆ. ಒಪ್ಪುವಂಥದ್ದು ಈವರೆಗೆ ಸಿಕ್ಕಿಲ್ಲ.

ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಲೈಗೊ-ಇಂಡಿಯಾ ಕಟ್ಟಲು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಅಲೆ ಯಾವ ದಿಕ್ಕಿನಿಂದ ಬಂತು ಎಂಬುದನ್ನು ಅದು ಚೆನ್ನಾಗಿ ಹೇಳಬಲ್ಲದು. ದನಿಯ ವಿಷಯಕ್ಕೆ ನಾನು ಹೆಚ್ಚು ನಂಬುವುದು ಯುರೋಪಿನ ಬಾಹ್ಯಾಕಾಶ ಸಂಸ್ಥೆ 2035ರ ಸುಮಾರಿಗೆ ಹಾರಿಸಲಿರುವ ‘ಲೀಸಾ’ವನ್ನು. 25 ಲಕ್ಷ ಕಿಲೋಮೀಟರ್ ಅಂತರದಲ್ಲಿ ತೇಲುವ ಮೂರು ನೌಕೆಗಳು ಕೇಳಿಸಿಕೊಳ್ಳುವುದು ಗೆಲಾಕ್ಸಿಗಳ ನಡುಮಧ್ಯದ ದೈತ್ಯ ಕಪ್ಪುಕುಳಿಗಳನ್ನು. ಸೂರ್ಯನ ಹತ್ತು ಲಕ್ಷ ಪಟ್ಟಿನ ಕಪ್ಪುಕುಳಿಯ ಸ್ವರ ವಿಶ್ವೇಶ್ವರರ ಲೆಕ್ಕದ ಪ್ರಕಾರ ಸೆಕೆಂಡಿಗೆ ನೂರರಲ್ಲೊಂದು ಕಂಪನದಷ್ಟು ಮಂದ್ರ, ಕುಗ್ಗುವ ಹೊತ್ತು 55 ಸೆಕೆಂಡು. ಮಾರ್ದನಿ ಇದ್ದರೆ ಕಾಯಬೇಕಾದದ್ದೂ ಮಿಲಿಸೆಕೆಂಡುಗಳಷ್ಟಲ್ಲ, ನಿಮಿಷಗಟ್ಟಲೆ.